ರಾಜ್ಯವನ್ನು ರಯತರ ಕೈಗೆ ಒಪ್ಪಿಸಿದ ರಾಜ: ಔಂಧದ ಶ್ರೀಮಂತ ಬಾಳಾಸಾಹೇಬ ಪಂತ ಪ್ರತಿನಿಧಿ

ಜಾತ್ರೆ ಮುಗಿದು ತೇರು ಮನೆ ಸೇರಿದ ಮೇಲೆ ನಮ್ಮ ಕಡೆಯ ಊರುಗಳಲ್ಲಿ ಒಂದು ಪದ್ಧತಿ ಇದೆ. ಊರ ಹಿರಿಯರು ದೇವರ ಮುಂದೆ ಕುಳಿತು ಜಮಾ ಎಷ್ಟು, ಖರ್ಚು ಎಷ್ಟು, ಉಳಿದದ್ದು ಎಷ್ಟು ಎಂದು ಎಲ್ಲರಿಗೂ ಕೇಳುವಂತೆ ಓದುತ್ತಾರೆ. ದೇವರ ಹಣ ಯಾರ ಕೈಯಲ್ಲಿ ಇದ್ದರೂ ಅದು ಅವರದಲ್ಲ. ಇಟ್ಟುಕೊಂಡವರು ಕಾಯುವವರು ಮಾತ್ರ. ಲೆಕ್ಕ ಒಪ್ಪಿಸಿದ ದಿನವೇ ಅವರ ತಲೆಯ ಮೇಲಿನ ಭಾರ ಇಳಿಯುತ್ತದೆ. ದೇವಸ್ಥಾನದ ಕಾರಭಾರದಲ್ಲಿ ಈ ನಿಯಮ ಎಲ್ಲರಿಗೂ ಒಪ್ಪಿಗೆ. ಆದರೆ ಒಂದು ಇಡೀ ರಾಜ್ಯವನ್ನೇ ಹೀಗೆ ದೇವರ ಹಣದಂತೆ ತಿಳಿದು, ಬದುಕಿರುವಾಗಲೇ ಪ್ರಜೆಗಳಿಗೆ ಒಪ್ಪಿಸಿದ ರಾಜರು ಎಷ್ಟು ಜನ ಸಿಗುತ್ತಾರೆ? ಅಂಥ ಒಬ್ಬ ಪುಣ್ಯಪುರುಷರು ನಮ್ಮ ನೆರೆಯ ಸತಾರಾ ಸೀಮೆಯಲ್ಲಿ ಬಾಳಿ ಹೋದರು. ಅವರೇ ಔಂಧ ಸಂಸ್ಥಾನದ ಶ್ರೀಮಂತ ಭವಾನರಾವ ಶ್ರೀನಿವಾಸರಾವ ಪಂತ ಪ್ರತಿನಿಧಿ. ಜನರ ಬಾಯಲ್ಲಿ ಬಾಳಾಸಾಹೇಬ ಮಹಾರಾಜರು.

ಪ್ರತಿನಿಧಿ ಮನೆತನ

ಔಂಧವು ಈಗಿನ ಸತಾರಾ ಜಿಲ್ಲೆಯ ಖಟಾವ ತಾಲೂಕಿನಲ್ಲಿ ಗುಡ್ಡದ ಬುಡದಲ್ಲಿರುವ ಸಣ್ಣ ಊರು. ಗುಡ್ಡದ ಮೇಲೆ ಶ್ರೀ ಯಮಾಯಿ ದೇವಿಯ ಮೂಲ ಸ್ಥಾನವಿದೆ. ಔಂಧಾಸುರನೆಂಬ ದೈತ್ಯನನ್ನು ಸಂಹರಿಸಿದ ತಾಯಿ ಇವಳೇ ಎಂದು ಸ್ಥಳಪುರಾಣ ಹೇಳುತ್ತದೆ. ಕೊಲ್ಲಾಪುರದ ಜ್ಯೋತಿಬಾ ದೇವರು ತಾಯೀ ಬಾ ಎಂಬ ಅರ್ಥದಲ್ಲಿ ಯೇ ಮಾಯಿ ಎಂದು ಕರೆದುದರಿಂದ ಯಮಾಯಿ ಎಂಬ ಹೆಸರು ಬಂದಿತೆಂದು ಭಕ್ತರ ನಂಬಿಕೆ. ಈ ದೇವಿಯೇ ಪಂತ ಪ್ರತಿನಿಧಿ ಮನೆತನದ ಕುಲದೇವತೆ.

ಪ್ರತಿನಿಧಿ ಎಂಬ ಹುದ್ದೆ ಹುಟ್ಟಿದ್ದು ಕಷ್ಟಕಾಲದಲ್ಲಿ. ಛತ್ರಪತಿ ಶಿವಾಜಿ ಮಹಾರಾಜರ ಮಗ ರಾಜಾರಾಮ ಮಹಾರಾಜರು ಮೊಗಲರ ದಂಡಿಗೆ ಸಿಗದೆ ದೂರದ ತಮಿಳು ನಾಡಿನ ಜಿಂಜಿ ಕೋಟೆಯನ್ನು ಸೇರಿದಾಗ, ಛತ್ರಪತಿಗಳ ಬದಲಾಗಿ ನಿಂತು ಕೆಲಸ ಮಾಡುವ ಅಧಿಕಾರಿಯೊಬ್ಬರು ಬೇಕಾದರು. ಅವರಿಗೆ ಪ್ರತಿನಿಧಿ ಎಂದು ಹೆಸರಾಯಿತು. ಅಷ್ಟಪ್ರಧಾನರಿಗಿಂತ ಮೇಲಿನ ಮಾನ ಅದಕ್ಕೆ ಇತ್ತು. ಮುಂದೆ ಈ ಪದವಿ ಕಿನ್ಹಯಿ ಗ್ರಾಮದ ಕುಲಕರ್ಣಿ ಮನೆತನದ ಪರಶುರಾಮ ತ್ರ್ಯಂಬಕ ಅವರಿಗೆ ದೊರೆಯಿತು. ಲೆಕ್ಕ ಬರೆಯುವ ಮನೆಯಲ್ಲಿ ಹುಟ್ಟಿದ ಇವರು ಕತ್ತಿ ಹಿಡಿದು ಮರಾಠಾ ರಾಜ್ಯದ ಕೋಟೆಗಳನ್ನು ಕಾಯ್ದರು. ರಾಜಾರಾಮ ಮಹಾರಾಜರ ನಂತರ ತಾರಾಬಾಯಿ ರಾಣಿಯವರ ಪಕ್ಷದಲ್ಲಿ ನಿಂತರು. ಶಾಹೂ ಮಹಾರಾಜರು ಗೆದ್ದಾಗ ಸೆರೆಮನೆಯನ್ನೂ ಕಂಡರು, ಮತ್ತೆ ಅದೇ ಶಾಹೂ ಮಹಾರಾಜರಿಂದ ಪದವಿಯನ್ನೂ ಪಡೆದರು. 1718ರಲ್ಲಿ ತೀರಿಕೊಂಡರು. ಅವರ ಮಗ ಶ್ರೀಪತರಾವ ಅವರು 1746ರವರೆಗೆ ಶಾಹೂ ಮಹಾರಾಜರ ಬಲಗೈಯಾಗಿದ್ದರು. ಇನ್ನೊಂದು ಶಾಖೆ ವಿಶಾಳಗಡದಲ್ಲಿ ನೆಲೆಸಿತು.

ಪೇಶವೆಯವರ ಬಲ ಬೆಳೆದಂತೆ ಪ್ರತಿನಿಧಿಗಳ ಬಲ ಕುಗ್ಗಿತು. 1818ರಲ್ಲಿ ಪೇಶವಾಯಿ ಮುಳುಗಿತು. 1820ರಲ್ಲಿ ಆಂಗ್ಲರ ಜೊತೆ ಆದ ಕರಾರಿನಿಂದ ಈ ಮನೆತನದ ಜಹಗೀರು ಉಳಿಯಿತು. ಸತಾರಾ ಗಾದಿಯನ್ನು ಆಂಗ್ಲರು ನುಂಗಿದ ಮೇಲೆ ಔಂಧವು ನೇರವಾಗಿ ಅವರ ಕೈಕೆಳಗಿನ ಸಂಸ್ಥಾನವಾಯಿತು. ಎಲ್ಲ ಕೂಡಿ ಸುಮಾರು 500 ಚೌರಸ ಮೈಲು, 72 ಹಳ್ಳಿಗಳು. ಅದೂ ಒಂದೇ ಕಡೆ ಇದ್ದ ನೆಲವಲ್ಲ. ಔಂಧ ಒಂದು ಕಡೆ, ಕೃಷ್ಣಾ ಕಣಿವೆಯ ಕುಂಡಲ ಒಂದು ಕಡೆ, ಬರದ ಸೀಮೆಯ ಆಟಪಾಡಿ ಇನ್ನೊಂದು ಕಡೆ. ನಾಲ್ಕನೆಯದು ವಿಜಾಪುರ ಜಿಲ್ಲೆಯ ನಡುವೆ ಇದ್ದ ಗುಣದಾಳ. ಗುಣದಾಳದ ಜನ ಕನ್ನಡಿಗರು. ಮರಾಠಿ ದರ್ಬಾರಿನ ಕೆಳಗೆ ಕನ್ನಡ ಹಳ್ಳಿಗಳೂ ಇದ್ದವೆಂಬುದನ್ನು ಗಡಿಭಾಗದ ನಾವು ಮರೆಯಬಾರದು. ಮುಂದೆ ರಾಜರು ಕೊಟ್ಟ ಸ್ವರಾಜ್ಯದಲ್ಲಿ ಈ ಕನ್ನಡ ಹಳ್ಳಿಗಳಿಗೂ ಸಮಪಾಲು ಇತ್ತು.

ಬಾಲ್ಯ ಮತ್ತು ಗಾದಿ

ಬಾಳಾಸಾಹೇಬರು ಹುಟ್ಟಿದ್ದು 1868ರ ಅಕ್ಟೋಬರ 24ರಂದು. ತಂದೆ ಶ್ರೀನಿವಾಸರಾವ ಪರಶುರಾಮ ಅವರು ಆಗ ಸಂಸ್ಥಾನಿಕರು. ಹಿರಿಯ ಮಗನಲ್ಲದ ಕಾರಣ ಗಾದಿ ತಮಗೆ ಬರುವುದೆಂಬ ಆಸೆ ಬಾಳಾಸಾಹೇಬರಿಗೆ ಇರಲಿಲ್ಲ. ಆ ಕಾಲದ ರಾಜಕುಮಾರರು ಬೇಟೆ ಮೋಜುಗಳಲ್ಲಿ ಹೊತ್ತು ಕಳೆಯುತ್ತಿದ್ದರೆ, ಇವರು ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಓದಿ ಬಿ.ಎ. ಪದವಿ ಪಡೆದರು. ಊರಿಗೆ ಬಂದು ತಂದೆಯವರ ಕಾರಭಾರದಲ್ಲಿ ಕಾಗದಪತ್ರ ನೋಡುವ ಕೆಲಸ ಮಾಡಿದರು. ರಾಜ್ಯದ ಆದಾಯ ಎಲ್ಲಿಂದ ಬರುತ್ತದೆ, ಯಾರ ಬೆವರಿನಿಂದ ಬರುತ್ತದೆ ಎಂಬುದನ್ನು ಆಗಲೇ ಕಣ್ಣಾರೆ ಕಂಡರು.

1901ರಲ್ಲಿ ತಂದೆಯವರು ತೀರಿಕೊಂಡರು. ಅಣ್ಣ ದಾದಾಸಾಹೇಬರು ಗಾದಿಗೆ ಬಂದು 1905ರಲ್ಲಿ ತೀರಿಹೋದರು. ಅವರ ಮಗ ನಾನಾಸಾಹೇಬರಿಗೆ ಗಾದಿ ಹೋಯಿತು. 1909ರಲ್ಲಿ ಆಂಗ್ಲ ಸರಕಾರ ಅವರನ್ನು ಗಾದಿಯಿಂದ ಇಳಿಸಿ, ಅದೇ ವರ್ಷದ ನವೆಂಬರ 4ರಂದು ಬಾಳಾಸಾಹೇಬರನ್ನು ಕೂಡಿಸಿತು. ಆಗ ಅವರಿಗೆ 41 ವರ್ಷ. ಒಂದು ದಿನ ಒಬ್ಬರಿಂದ ಕಿತ್ತುಕೊಂಡ ಗಾದಿ ಮರುದಿನ ತಮ್ಮಿಂದಲೂ ಹೋಗಬಹುದು ಎಂಬುದು ಅವರಿಗೆ ಗೊತ್ತಿರಲೇಬೇಕು. ಅಂಥ ಸ್ಥಿತಿಯಲ್ಲಿ ಬೇರೆಯವರಾಗಿದ್ದರೆ ಗಾದಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿಯುತ್ತಿದ್ದರು. ಇವರು ನಡೆದ ದಾರಿ ಬೇರೆಯಾಯಿತು.

ಉದ್ಯಮಕ್ಕೆ ಆಸರೆ

ಗಾದಿಗೆ ಬಂದ ಮರುವರ್ಷವೇ ಒಂದು ದೊಡ್ಡ ಕೆಲಸ ನಡೆಯಿತು. ನಮ್ಮ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ ಕಿರ್ಲೋಸ್ಕರರು ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಆರಂಭಿಸಿ ಕಬ್ಬಿಣದ ನೇಗಿಲು ಮತ್ತು ಮೇವು ಕತ್ತರಿಸುವ ಯಂತ್ರ ಮಾಡುವವರೆಗೆ ಬೆಳೆದಿದ್ದರು. ಅಷ್ಟರಲ್ಲಿ ಊರ ವಿಸ್ತರಣೆಯ ಸಲುವಾಗಿ ಕಾರಖಾನೆಯ ಜಾಗ ಬಿಡಬೇಕಾಗಿ ಬಂತು. ಕೆಲಸಗಾರರನ್ನೂ ಯಂತ್ರಗಳನ್ನೂ ಎಲ್ಲಿಗೆ ಒಯ್ಯುವುದು ಎಂದು ತಿಳಿಯದೆ ಅವರು ಚಿಂತೆಯಲ್ಲಿದ್ದಾಗ ಬಾಳಾಸಾಹೇಬರು ತಮ್ಮ ಸಂಸ್ಥಾನಕ್ಕೆ ಕರೆದರು. ಕುಂಡಲ ರೋಡ ರೇಲ್ವೆ ಸ್ಟೇಶನ್ನಿನ ಹತ್ತಿರ 32 ಎಕರೆ ಜಮೀನನ್ನೂ ಬಡ್ಡಿ ಇಲ್ಲದ 10,000 ರೂಪಾಯಿ ಸಾಲವನ್ನೂ ಕೊಟ್ಟರು. ಆ ನೆಲ ಕಳ್ಳಿ, ಹಾವುಗಳ ಬೀಡಾಗಿತ್ತು. 1910ರಲ್ಲಿ ಅಲ್ಲಿ ಎದ್ದದ್ದೇ ಕಿರ್ಲೋಸ್ಕರವಾಡಿ. ಮುಂದೆ ಇಡೀ ದೇಶದ ರೈತರ ಹೊಲಕ್ಕೆ ಇಲ್ಲಿಂದ ನೇಗಿಲು, ಗಾಣ, ಪಂಪು ಹೋದವು. ಆ ರೇಲ್ವೆ ಸ್ಟೇಶನ್ನಿಗೂ ಕಿರ್ಲೋಸ್ಕರವಾಡಿ ಎಂದೇ ಹೆಸರಾಯಿತು.

ಕರಾಡದ ಹತ್ತಿರ ಓಗಲೆ ಬಂಧುಗಳ ಗಾಜಿನ ಕಾರಖಾನೆಗೂ ಔಂಧ ಸಂಸ್ಥಾನದ ಆಸರೆ ದೊರೆಯಿತು. ಅಲ್ಲಿಂದ ಬಂದ ಪ್ರಭಾಕರ ಕಂದೀಲು ಹಳೆಯ ತಲೆಮಾರಿನವರಿಗೆ ಪರಿಚಯವೇ. ಕರೆಂಟು ಬರುವ ಮೊದಲು ನಮ್ಮ ಗುಡಿಗಳಲ್ಲಿ ಭಜನೆ ನಡೆದದ್ದು, ಮಕ್ಕಳು ಮಗ್ಗಿ ಬಾಯಿಪಾಠ ಮಾಡಿದ್ದು ಅಂಥ ಕಂದೀಲಿನ ಬೆಳಕಿನಲ್ಲಿಯೇ. ರಾಜನಾದವನು ಬಂಡವಾಳಗಾರನಿಂದ ನಜರಾಣೆ ಕೇಳದೆ ತಾನೇ ಬಂಡವಾಳ ಕೊಟ್ಟದ್ದು ಆ ಕಾಲಕ್ಕೆ ವಿಶೇಷವೇ ಸರಿ.

ವಿದ್ಯೆ, ಚಿತ್ರ, ಕೀರ್ತನ

ಬಾಳಾಸಾಹೇಬರು ಸ್ವತಃ ಚಿತ್ರಕಾರರು. ರಾಮಾಯಣದ ಪ್ರಸಂಗಗಳನ್ನು ತಾವೇ ಬಣ್ಣದಲ್ಲಿ ಬರೆದು 1916ರಲ್ಲಿ ಚಿತ್ರ ರಾಮಾಯಣವನ್ನು ಪ್ರಕಟಿಸಿದರು. ಅಜಂತಾ ಗುಹೆಗಳ ಮೇಲೆ 1932ರಲ್ಲಿ ಪುಸ್ತಕ ತಂದರು. 1935ರಲ್ಲಿ ಇಂದೂರಿನಲ್ಲಿ ನಡೆದ ಮರಾಠಿ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಔಂಧದ ಗುಡ್ಡದಲ್ಲಿ ದೇವಿಯ ದರ್ಶನಕ್ಕೆ ಹತ್ತುವ ದಾರಿಯಲ್ಲಿಯೇ ಶ್ರೀ ಭವಾನಿ ವಸ್ತುಸಂಗ್ರಹಾಲಯವನ್ನು ಕಟ್ಟಿಸಿ 1938ರಲ್ಲಿ ಜನರಿಗೆ ತೆರೆದರು. ರಾಜಾ ರವಿವರ್ಮರ ಮೂಲ ಚಿತ್ರಗಳು, ಇಂಗ್ಲೆಂಡಿನ ಪ್ರಸಿದ್ಧ ಶಿಲ್ಪಿ ಹೆನ್ರಿ ಮೂರ್ ಕೆತ್ತಿದ ತಾಯಿ ಮತ್ತು ಮಗುವಿನ ಕಲ್ಲಿನ ಮೂರ್ತಿ ಮೊದಲಾದವುಗಳು ಅಲ್ಲಿವೆ. ಬೇರೆ ರಾಜರು ಇಂಥವನ್ನು ಅರಮನೆಯ ಒಳಕೋಣೆಯಲ್ಲಿ ಇಟ್ಟು ಅತಿಥಿಗಳಿಗೆ ತೋರಿಸುತ್ತಿದ್ದರು. ಇವರು ದೇವಿಗೆ ಕಾಯಿ ಒಡೆಸಲು ಬರುವ ರಯತನೂ ನೋಡಲಿ ಎಂದು ಗುಡ್ಡದ ದಾರಿಯಲ್ಲಿಟ್ಟರು.

ಮಹಾಭಾರತಕ್ಕೆ ಅವರು ಮಾಡಿದ ಸೇವೆ ದೊಡ್ಡದು. ನಮ್ಮ ದೇಶದ ಬೇರೆ ಬೇರೆ ಕಡೆ ಬೇರೆ ಬೇರೆ ಪಾಠಗಳಲ್ಲಿ ಹರಡಿದ್ದ ಮಹಾಭಾರತದ ಹಸ್ತಪ್ರತಿಗಳನ್ನು ಹೋಲಿಸಿ ಶುದ್ಧವಾದ ಆವೃತ್ತಿ ತರಬೇಕೆಂದು ಪುಣೆಯ ಭಾಂಡಾರಕರ ಸಂಶೋಧನ ಮಂದಿರವು ಯೋಚಿಸಿದಾಗ, 1918ರಲ್ಲಿ ಬಾಳಾಸಾಹೇಬರು ಒಂದು ಲಕ್ಷ ರೂಪಾಯಿ ಕೊಡುವ ವಚನವಿತ್ತರು. 1919ರಲ್ಲಿ ಕೆಲಸ ಆರಂಭವಾಯಿತು. ಡಾ. ವಿಷ್ಣು ಸುಖಠಣಕರ ಮೊದಲಾದ ಪಂಡಿತರು ಜೀವ ತೇದು ದುಡಿದರು. ಮಹಾಭಾರತದ ಆ ಆವೃತ್ತಿ ಮುಗಿದದ್ದು 1966ರಲ್ಲಿ. ಬೀಜ ಬಿತ್ತಿದ ರಾಜರು ಆಗ ಇರಲಿಲ್ಲ. ಆದರೂ ಪ್ರಪಂಚದ ಯಾವ ಮೂಲೆಯಲ್ಲಿ ಮಹಾಭಾರತದ ಅಭ್ಯಾಸ ನಡೆದರೂ ಆ ಪುಸ್ತಕವೇ ಆಧಾರವಾಗಿದೆ.

ವೇದಗಳ ಪಂಡಿತರಾದ ಶ್ರೀಪಾದ ದಾಮೋದರ ಸಾತವಳೇಕರರು 1918ರ ಸುಮಾರಿಗೆ ಔಂಧಕ್ಕೆ ಬಂದು ನೆಲೆಸಿ ಸ್ವಾಧ್ಯಾಯ ಮಂಡಳವನ್ನು ನಡೆಸಿದರು. ವೇದ ಗ್ರಂಥಗಳನ್ನು ಅಚ್ಚು ಹಾಕಿಸಿ ಸಾಮಾನ್ಯರ ಕೈಗೆ ಮುಟ್ಟಿಸಿದರು. ಗಾಯಕ ಅಂತುಬುವಾ ಜೋಶಿಯವರು ಔಂಧ ದರ್ಬಾರಿನ ಆಸರೆಯಲ್ಲಿದ್ದರು. ಅವರ ಮನೆತನದವರು 1940ರಲ್ಲಿ ಆರಂಭಿಸಿದ ಔಂಧ ಸಂಗೀತೋತ್ಸವದ ಹೆಸರು ಸಂಗೀತ ಬಲ್ಲವರಿಗೆಲ್ಲ ಗೊತ್ತು.

ಇಷ್ಟೆಲ್ಲ ಇದ್ದರೂ ಭಕ್ತರಿಗೆ ಹೆಚ್ಚು ಪ್ರಿಯವಾಗುವ ಸಂಗತಿ ಬೇರೆ. ಬಾಳಾಸಾಹೇಬರು ಕೀರ್ತನಕಾರರಾಗಿದ್ದರು. ಸಂಸ್ಥಾನಿಕರಾಗಿದ್ದರೂ ಜನರ ಮುಂದೆ ನಿಂತು ಹರಿಕೀರ್ತನ ಮಾಡುತ್ತಿದ್ದರು. ಕೀರ್ತನಕಾರನು ನಿಂತಿರುತ್ತಾನೆ, ಕೇಳುವವರು ಕುಳಿತಿರುತ್ತಾರೆ. ದರ್ಬಾರಿನಲ್ಲಿ ರಾಜನು ಕುಳಿತು ಪ್ರಜೆಗಳು ನಿಲ್ಲಬೇಕು. ಕೀರ್ತನದಲ್ಲಿ ಆ ಕ್ರಮ ತಿರುಗಿ ನಿಲ್ಲುತ್ತದೆ.

ಸೂರ್ಯ ನಮಸ್ಕಾರ

ಇಂದು ಶಾಲೆ ಶಾಲೆಗಳಲ್ಲಿ, ಊರೂರುಗಳಲ್ಲಿ ಸೂರ್ಯ ನಮಸ್ಕಾರ ಹಾಕಿಸುತ್ತಾರೆ. ಅದನ್ನು ಎಲ್ಲರೂ ದಿನಾಲು ಮಾಡಬಹುದಾದ ವ್ಯಾಯಾಮವಾಗಿ ಬೆಳೆಸಿ ದೇಶ ವಿದೇಶಗಳಿಗೆ ಪರಿಚಯಿಸಿದವರಲ್ಲಿ ಬಾಳಾಸಾಹೇಬರು ಮುಂಚೂಣಿಯವರು. ಮೊದಲು ಅವರು ವಿಲಾಯತಿಯ ಸ್ಯಾಂಡೋ ಎಂಬ ಜಟ್ಟಿಯ ಪದ್ಧತಿಯಲ್ಲಿ ಭಾರ ಎತ್ತಿ ಕಸರತ್ತು ಮಾಡಿದ್ದರು. ವರ್ಷಗಟ್ಟಲೆ ಮಾಡಿಯೂ ಪೂರ್ಣ ತೃಪ್ತಿ ಸಿಗಲಿಲ್ಲ. ಮಿರಜದ ಸಂಸ್ಥಾನಿಕರ ಸಲಹೆಯಂತೆ ಸೂರ್ಯ ನಮಸ್ಕಾರಕ್ಕೆ ತಿರುಗಿದರು. ಆಮೇಲೆ ಅದನ್ನು ಬಿಡಲೇ ಇಲ್ಲ. ಅರಮನೆಯ ಹೆಂಗಸರು ಮಕ್ಕಳೂ ಮಾಡುತ್ತಿದ್ದರು. ಸಂಸ್ಥಾನದ ಶಾಲೆಗಳಲ್ಲಿ ಅದನ್ನು ಕಡ್ಡಾಯ ಮಾಡಿದರು. 1928ರ ಸುಮಾರಿಗೆ ಪುಸ್ತಕ ಬರೆದರು. ಅವರು ಇಂಗ್ಲೆಂಡಿಗೆ ಹೋದಾಗ ಪತ್ರಿಕೆಯ ಲೇಖಕಿ ಲೂಯಿಸ್ ಮಾರ್ಗನ್ ಅವರನ್ನು ಕಂಡು ಮಾತಾಡಿ ಲೇಖನಗಳನ್ನು ಬರೆದರು. 1938ರಲ್ಲಿ ಇಂಗ್ಲೀಷ ಪುಸ್ತಕ ಲಂಡನಿನಲ್ಲಿ ಹೊರಟಿತು.

ಇದರ ಗುಟ್ಟು ಸರಳ. ನಮಸ್ಕಾರಕ್ಕೆ ಸಾಮಾನು ಬೇಡ, ದುಡ್ಡು ಬೇಡ. ತನ್ನ ಮೈಯುದ್ದದ ನೆಲವಿದ್ದರೆ ಸಾಕು. ಸೂರ್ಯನಾರಾಯಣನ ಹನ್ನೆರಡು ಹೆಸರು, ಬೀಜಮಂತ್ರ, ಉಸಿರಿನ ಕ್ರಮ, ಇಷ್ಟು ಕೂಡಿದರೆ ಪೂಜೆಯೂ ಆಯಿತು, ವ್ಯಾಯಾಮವೂ ಆಯಿತು. ಬಡವನ ಮಗನಿಗೂ ರಾಜನ ಮಗನಿಗೂ ಒಂದೇ ಬೆಲೆಯಲ್ಲಿ ಸಿಗುವ ಆರೋಗ್ಯ ಇದು. ರಾಜರು ವಯಸ್ಸಾದ ಮೇಲೂ ತಾವು ಮಾಡಿ ತೋರಿಸಿಯೇ ಇತರರಿಗೆ ಹೇಳಿದರು.

ಅಧಿಕಾರದ ತ್ಯಾಗ

ಈಗ ಮುಖ್ಯ ಸಂಗತಿಗೆ ಬರೋಣ. 1938ರಲ್ಲಿ ಬಾಳಾಸಾಹೇಬರಿಗೆ 70 ತುಂಬಿತು. ಸಂಸ್ಥಾನದಲ್ಲಿ ಪ್ರಜೆಗಳ ಸಭೆ ಮೊದಲೇ ಇದ್ದರೂ ಕೊನೆಯ ಮಾತು ರಾಜರದೇ ಆಗಿತ್ತು. ಆ ಹೊತ್ತಿನಲ್ಲಿ ದೇಶದ ತುಂಬ ಸ್ವಾತಂತ್ರ್ಯದ ಗಾಳಿ ಬೀಸುತ್ತಿತ್ತು. ಅನೇಕ ಸಂಸ್ಥಾನಗಳಲ್ಲಿ ಜನರು ಹಕ್ಕು ಕೇಳಿದಾಗ ಲಾಠಿ ಗುಂಡುಗಳೇ ಉತ್ತರವಾಗುತ್ತಿದ್ದವು.

ರಾಜರ ಮಗ ಅಪ್ಪಾಸಾಹೇಬ ಪಂತರು ಆಕ್ಸಫರ್ಡದಲ್ಲಿ ಓದಿ ಬ್ಯಾರಿಸ್ಟರರಾಗಿ 1937ರಲ್ಲಿ ಊರಿಗೆ ಬಂದಿದ್ದರು. ಅದೇ ವೇಳೆಗೆ ಮೈಸೂರು ಸರಕಾರದ ಬೆಂಗಳೂರು ವಿದ್ಯುತ್ ಕಾರಖಾನೆಯನ್ನು ನಡೆಸುತ್ತಿದ್ದ ಪೋಲೆಂಡ ದೇಶದ ಇಂಜಿನಿಯರ ಮಾರಿಸ ಫ್ರಿಡಮನ್ನರ ಗೆಳೆತನವಾಯಿತು. ಈ ಫ್ರಿಡಮನ್ನರು ಯಹೂದಿ ಕುಲದಲ್ಲಿ ಹುಟ್ಟಿ, ರಮಣ ಮಹರ್ಷಿಗಳ ಪಾದ ಸೇರಿ, ಕಾವಿ ಉಟ್ಟು ಭಾರತಾನಂದರೆಂದು ಹೆಸರಾದವರು. ಮುಂದೆ ಮುಂಬಯಿಯ ನಿಸರ್ಗದತ್ತ ಮಹಾರಾಜರ ಬೋಧೆಯನ್ನು ಇಂಗ್ಲೀಷಿನಲ್ಲಿ ಲೋಕಕ್ಕೆ ಕೊಟ್ಟವರೂ ಅವರೇ. ನಿಸರ್ಗದತ್ತರ ಗುರುಪರಂಪರೆಯ ಮೂಲ ನಮ್ಮ ಇಂಚಗೇರಿ ಮಠ ಎಂಬುದು ಈ ಭಾಗದ ಭಕ್ತರಿಗೆ ತಿಳಿದ ವಿಷಯ. ಯಾವ ನೀರು ಎಲ್ಲಿ ಹರಿದು ಎಲ್ಲಿ ಕೂಡುತ್ತದೆಯೋ ಬಲ್ಲವರಾರು!

ರಾಜರು ಅಧಿಕಾರ ಬಿಡಲು ಸಿದ್ಧರಾದರು. ಬಿಡುವುದು ಹೇಗೆ ಎಂಬುದೇ ಪ್ರಶ್ನೆ. ಅಪ್ಪಾಸಾಹೇಬರೂ ಫ್ರಿಡಮನ್ನರೂ ವರ್ಧಾಕ್ಕೆ ಹೋಗಿ ಮಹಾತ್ಮಾ ಗಾಂಧೀಜಿಯವರನ್ನು ಕಂಡರು. ಗಾಂಧೀಜಿಯವರು ವಿಲಾಯತಿ ಪಾರ್ಲಿಮೆಂಟಿನ ನಕಲು ಬೇಡವೆಂದರು. ಹಳ್ಳಿಯ ಪಂಚಾಯತಿಯಿಂದ ಮೇಲಕ್ಕೆ ರಾಜ್ಯ ಕಟ್ಟಬೇಕು, ಮತ ಕೊಡುವವನು ಓದು ಬರಹ ಕಲಿಯಬೇಕು, ನ್ಯಾಯವು ಖರ್ಚಿಲ್ಲದೆ ಊರಿನಲ್ಲಿಯೇ ಸಿಗಬೇಕು ಎಂಬುದು ಅವರ ಸಲಹೆ. ಅಧಿಕಾರ ಬಿಡುವ ಮನೆತನವು ಸರಳವಾಗಿ ಬಾಳಿ ತೋರಿಸಬೇಕೆಂದೂ ಹೇಳಿದರು. ಅದರಂತೆ ಘಟನೆ ಬರೆಯಲಾಯಿತು. 1939ರ ಜನೇವರಿ 21ರಂದು ಔಂಧದ ಸ್ವರಾಜ್ಯ ಘಟನೆ ಜಾರಿಗೆ ಬಂದಿತು.

ಇದರ ಕ್ರಮ ಹೀಗಿತ್ತು. ಪ್ರತಿ ಹಳ್ಳಿಯ ಜನರು ಐದು ಜನ ಪಂಚರನ್ನು ಆರಿಸಬೇಕು. ಹಳ್ಳಿಗಳ ಅಧ್ಯಕ್ಷರು ಕೂಡಿ ತಾಲೂಕಿನ ಸಭೆ. ತಾಲೂಕುಗಳಿಂದ ಆರಿಸಿ ಬಂದವರು ಕೂಡಿ ಸಂಸ್ಥಾನದ ವಿಧಾನ ಸಭೆ. ಮಂತ್ರಿಗಳು ಆ ಸಭೆಗೆ ಉತ್ತರ ಹೇಳಬೇಕು. ರಾಜರ ಮನೆತನದ ಖರ್ಚಿಗೂ ಮಿತಿ ಬಂತು. ರಾಜನು ಪ್ರಜೆಗಳ ಮೊದಲ ಸೇವಕ ಎಂಬ ಭಾವ ಘಟನೆಯಲ್ಲಿಯೇ ಸೇರಿತು. ಔಂಧ, ಕುಂಡಲ, ಆಟಪಾಡಿ, ಗುಣದಾಳ ಎಂಬ ಭೇದವಿಲ್ಲದೆ ನಾಲ್ಕೂ ಕಡೆ ಪಂಚಾಯತಿಗಳು ನಡೆದವು. ಗುಣದಾಳದ ಕನ್ನಡ ರಯತನು ತನ್ನ ಊರ ಪಂಚರನ್ನು ತಾನೇ ಆರಿಸಿದನು. ಸುತ್ತಲಿನ ಆಂಗ್ಲ ಆಳ್ವಿಕೆಯ ಹಳ್ಳಿಗಳಿಗೆ ಇಷ್ಟು ವಿಶಾಲವಾದ ಅಧಿಕಾರ ಆಗ ಇರಲಿಲ್ಲ.

ಊರ ಜಗಳಗಳನ್ನು ಪಂಚರೇ ಚಾವಡಿಯಲ್ಲಿ ಬಗೆಹರಿಸತೊಡಗಿದರು. ಸಾಕ್ಷಿ ಹೇಳುವವರೂ ವಾದಿ ಪ್ರತಿವಾದಿಗಳೂ ಒಂದೇ ಊರಿನವರಾದ್ದರಿಂದ ಸುಳ್ಳು ಹೇಳುವುದು ಕಠಿಣವಾಯಿತು. ವಕೀಲರ ಖರ್ಚು, ಹೋಗಿ ಬರುವ ಖರ್ಚು ತಪ್ಪಿತು. ರಾತ್ರಿ ಶಾಲೆಗಳಲ್ಲಿ ದೊಡ್ಡವರೂ ಅಕ್ಷರ ಕಲಿತರು. ಹೆಬ್ಬೆಟ್ಟು ಒತ್ತುವವನಿಗೆ ತನ್ನ ಹೆಸರು ತಾನೇ ಬರೆಯುವ ಧೈರ್ಯ ಬಂತು.

ಬೇಲಿ ಇಲ್ಲದ ಸೆರೆಮನೆ

ಅದೇ ಸುಮಾರಿಗೆ ಆಟಪಾಡಿಯ ಹತ್ತಿರ ಇನ್ನೊಂದು ಆಶ್ಚರ್ಯ ನಡೆಯಿತು. ಕೊಲೆ ದರೋಡೆಗಳಲ್ಲಿ ಶಿಕ್ಷೆಯಾದ ಕೈದಿಗಳನ್ನು ಬೇಡಿ ಬಿಚ್ಚಿ ತೆರೆದ ಬಯಲಿನಲ್ಲಿ ನೆಲೆ ನಿಲ್ಲಿಸಿದರು. ಸುತ್ತ ಗೋಡೆ ಇಲ್ಲ, ಬಂದೂಕಿನ ಪಹರೆ ಇಲ್ಲ. ಅವರೇ ಹೊಲ ಉತ್ತು ಬೆಳೆ ತೆಗೆದು ಬಾಳಬೇಕು. ಹೆಂಡರು ಮಕ್ಕಳ ಜೊತೆ ಇರಬಹುದು. ಇದರ ಹಿಂದೆ ಫ್ರಿಡಮನ್ನರ ಆಲೋಚನೆ ಇತ್ತು. ರಾಜರು ಅನುಮತಿ ಕೊಟ್ಟರು. ಆ ನೆಲೆಗೆ ಸ್ವತಂತ್ರಪುರ ಎಂದು ಹೆಸರಿಟ್ಟರು. ನಂಬಿದವನಿಗೆ ಮೋಸ ಮಾಡಲು ಕಳ್ಳನಿಗೂ ಮನಸ್ಸು ಹಿಂಜರಿಯುತ್ತದೆ ಎಂಬುದು ಅಲ್ಲಿ ಸಾಬೀತಾಯಿತು. ಆಟಪಾಡಿ ಸೀಮೆಯವರೇ ಆದ ಕವಿ ಗ. ದಿ. ಮಾಡಗೂಳಕರರು ಇದನ್ನೇ ಆಧರಿಸಿ ಕಥೆ ಬರೆದರು. ಅದನ್ನು ವ್ಹಿ. ಶಾಂತಾರಾಮರು 1957ರಲ್ಲಿ ದೋ ಆಂಖೇ ಬಾರಹ ಹಾಥ ಎಂಬ ಸಿನೇಮಾ ಮಾಡಿದರು. ಆ ಸಿನೇಮಾ ನೋಡಿ ಕಣ್ಣೀರು ಹಾಕಿದವರಲ್ಲಿ ಎಷ್ಟೋ ಜನರಿಗೆ ಅದರ ಬೇರು ಔಂಧ ಸಂಸ್ಥಾನದಲ್ಲಿತ್ತು ಎಂಬುದು ತಿಳಿದಿರಲಿಕ್ಕಿಲ್ಲ.

1942ರ ಚಳವಳಿಯ ನಂತರ ಸತಾರಾ ಸೀಮೆಯಲ್ಲಿ ಕ್ರಾಂತಿಸಿಂಹ ನಾನಾ ಪಾಟೀಲರ ಪತ್ರಿ ಸರಕಾರ ನಡೆದಾಗ ಕುಂಡಲವು ಅದರ ದೊಡ್ಡ ಕೇಂದ್ರವಾಗಿತ್ತು. ಆಂಗ್ಲ ಪೊಲೀಸರು ಹುಡುಕುತ್ತಿದ್ದ ಭೂಗತ ಕಾರ್ಯಕರ್ತರಿಗೆ ಔಂಧದ ಊರುಗಳಲ್ಲಿ ಆಸರೆ ಸಿಕ್ಕಿತು. ಆಂಗ್ಲರು ಕೂಡಿಸಿದ ಗಾದಿಯ ನೆರಳಿನಲ್ಲಿಯೇ ಆಂಗ್ಲರ ವಿರೋಧಿಗಳು ಉಳಿದರು.

ವಿಲೀನ ಮತ್ತು ಕೊನೆಯ ದಿನಗಳು

ದೇಶ ಸ್ವತಂತ್ರವಾಯಿತು. 1948ರ ಮಾರ್ಚ 8ರಂದು ದಖ್ಖನ ಸೀಮೆಯ ಇತರ ಸಂಸ್ಥಾನಗಳ ಜೊತೆ ಔಂಧವೂ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಹಳ್ಳಿಗಳು ಅಕ್ಕಪಕ್ಕದ ಜಿಲ್ಲೆಗಳಿಗೆ ಹಂಚಿಹೋದವು. ಗುಣದಾಳವು ವಿಜಾಪುರ ಜಿಲ್ಲೆಗೆ ಸೇರಿ, 1956ರಲ್ಲಿ ಕನ್ನಡ ನಾಡು ಒಂದಾದಾಗ ಅದರ ಭಾಗವಾಯಿತು. ಪಂಚಾಯತಿ ಸ್ವರಾಜ್ಯ ಹೀಗೆ ಒಂಬತ್ತು ವರ್ಷ ನಡೆದು ನಿಂತಿತು. ಒಂಬತ್ತು ವರ್ಷದಲ್ಲಿ ಎಲ್ಲರೂ ಅಕ್ಷರಸ್ಥರಾಗಲಿಲ್ಲ. ಆಟಪಾಡಿಯ ಬರ ಹೋಗಲಿಲ್ಲ. ಎಲ್ಲ ಪಂಚಾಯತಿಗಳೂ ಒಂದೇ ರೀತಿ ಚೆನ್ನಾಗಿ ನಡೆದವೆಂದು ಹೇಳಲಾಗದು. ಆದರೂ 1992ರಲ್ಲಿ ಸಂವಿಧಾನದ 73ನೆಯ ತಿದ್ದುಪಡಿಯಾಗಿ ಹಳ್ಳಿ, ತಾಲೂಕು, ಜಿಲ್ಲಾ ಪಂಚಾಯತಿಗಳು ದೇಶದ ಬಹುಭಾಗಕ್ಕೆ ಕಡ್ಡಾಯವಾದಾಗ, ಅರ್ಧ ಶತಮಾನದ ಹಿಂದೆಯೇ ಒಬ್ಬ ಮುದುಕ ರಾಜರು ತಮ್ಮ 72 ಹಳ್ಳಿಗಳಲ್ಲಿ ಆ ದಾರಿ ಹಿಡಿದಿದ್ದರು ಎಂಬುದು ನೆನಪಿಗೆ ಬರುತ್ತದೆ.

ಬಾಳಾಸಾಹೇಬರು 1951ರ ಏಪ್ರಿಲ 13ರಂದು ತಮ್ಮ 82ನೆಯ ವಯಸ್ಸಿನಲ್ಲಿ ದೇಹ ಬಿಟ್ಟರು. ಮಗ ಅಪ್ಪಾಸಾಹೇಬರು ಸ್ವತಂತ್ರ ಭಾರತದ ರಾಯಭಾರಿಯಾಗಿ ಆಫ್ರಿಕಾ, ಇಂಡೋನೇಶಿಯಾ, ಇಂಗ್ಲೆಂಡ ಮೊದಲಾದ ಕಡೆ ದೇಶದ ಸೇವೆ ಮಾಡಿ 1992ರಲ್ಲಿ ತೀರಿಕೊಂಡರು.

ಆ ಕಾಲದಲ್ಲಿ ನಮ್ಮ ದೇಶದಲ್ಲಿ 500ಕ್ಕೂ ಹೆಚ್ಚು ಸಂಸ್ಥಾನಗಳಿದ್ದವು. 1948ರ ಹೊತ್ತಿಗೆ ಬಹುತೇಕ ಎಲ್ಲ ರಾಜರೂ ರಾಜ್ಯ ಬಿಟ್ಟರು. ಕೆಲವರು ಅಂಜಿಕೆಯಿಂದ ಬಿಟ್ಟರು, ಕೆಲವರು ವರ್ಷಾಸನದ ಲೆಕ್ಕ ಹಾಕಿ ಬಿಟ್ಟರು, ಕೆಲವರು ಬೇರೆ ದಾರಿ ಇಲ್ಲವೆಂದು ಬಿಟ್ಟರು. ಔಂಧದ ರಾಜರು ಇವರೆಲ್ಲರಿಗಿಂತ ಒಂಬತ್ತು ವರ್ಷ ಮೊದಲು, ಆಂಗ್ಲರ ಬಲ ಇನ್ನೂ ಗಟ್ಟಿಯಾಗಿದ್ದಾಗ, ತಾವಾಗಿಯೇ ಬಿಟ್ಟರು. ಕೊಡಲೇಬೇಕಾದಾಗ ಕೊಡುವುದು ಸಾಲ ತೀರಿಸಿದಂತೆ. ಕೇಳುವ ಮೊದಲೇ ಕೊಡುವುದು ದಾನ. ಆದರೆ ಬಾಳಾಸಾಹೇಬರ ಕೆಲಸ ದಾನವೂ ಅಲ್ಲ. ಅವರ ಮನೆತನದ ಹೆಸರೇ ಪ್ರತಿನಿಧಿ, ಅಂದರೆ ಬೇರೆಯವರ ಪರವಾಗಿ ನಿಲ್ಲುವವನು. ಮೂಲಪುರುಷರು ಛತ್ರಪತಿಗಳ ಪರವಾಗಿ ನಿಂತರು. ಕೊನೆಯ ರಾಜರು ಪ್ರಜೆಗಳ ಪರವಾಗಿ ನಿಂತರು. ಯಾರದೋ ಸೊತ್ತನ್ನು ಕಾಯ್ದು, ಹೊತ್ತು ಬಂದಾಗ ಮೂಲ ಒಡೆಯರಿಗೆ ಒಪ್ಪಿಸಿ, ಕೈ ಮುಗಿದು ಹಿಂದೆ ಸರಿದರು.

ದೇವಸ್ಥಾನದಲ್ಲಿ ಗಂಟೆ ಕಟ್ಟಿಸಿದವನ ಹೆಸರು, ಮೆಟ್ಟಿಲು ಹಾಕಿಸಿದವನ ಹೆಸರು ಕಲ್ಲಿನಲ್ಲಿ ಇರುತ್ತದೆ. ಹುಂಡಿಯ ಲೆಕ್ಕವನ್ನು ಒಂದು ಪೈಸೆ ತಪ್ಪದೆ ಒಪ್ಪಿಸಿದವನ ಹೆಸರು ಯಾವ ಕಲ್ಲಿನಲ್ಲಿಯೂ ಇರುವುದಿಲ್ಲ. ಆದರೂ ಗುಡಿ ನಿಲ್ಲುವುದು ಅಂಥವರಿಂದಲೇ. ಮನೆಯ ಯಜಮಾನಿಕೆ, ಸಂಘದ ಅಧ್ಯಕ್ಷತೆ, ಊರ ಗೌಡಕಿ, ಗುಡಿಯ ಕಾರಭಾರ ಯಾವುದೇ ಇರಲಿ, ಅದು ಒಪ್ಪಿಸಬೇಕಾದ ಸೊತ್ತು ಎಂಬ ಎಚ್ಚರ ನಮ್ಮೆಲ್ಲರಿಗೂ ಇರಲಿ. ಶ್ರೀ ಯಮಾಯಿ ತಾಯಿಯ ಗುಡ್ಡಕ್ಕೆ ಹೋಗುವ ಭಕ್ತರು ದರ್ಶನ ಮಾಡಿ ಇಳಿಯುವಾಗ ಆ ವಸ್ತುಸಂಗ್ರಹಾಲಯದ ಮುಂದೆ ಒಂದು ಗಳಿಗೆ ನಿಂತು, ಈ ಪುಣ್ಯಾತ್ಮರನ್ನು ನೆನೆಯಲಿ. ತಾಯಿಯ ಕೃಪೆ ಎಲ್ಲರ ಮೇಲಿರಲಿ. ಶುಭಂ ಭವತು.